ನಿಮ್ಮ ಗೋಡೆಯ ಮುಜಂಟಿ ಹೊಸ ಪ್ರಭೇದವೇ? ನೋಡುವುದು ಹೀಗೆ

ಮುಜಂಟಿ, ಮಿಸ್ರಿ ಅಂತೆಲ್ಲ ಕರೆಯುವ ಚುಚ್ಚದ ಪುಟ್ಟ ಜೇನನ್ನು ನಮ್ಮಲ್ಲಿ ಬಹಳ ಕಾಲ ಒಂದೇ ಹೆಸರಲ್ಲಿ ಬರೆದು ಮುಗಿಸುತ್ತಿದ್ದರು: ಟೆಟ್ರಾಗೊನುಲಾ ಇರಿಡಿಪೆನ್ನಿಸ್. ಅದು 1854ರಲ್ಲಿ ಇಂಗ್ಲಿಷ್ ಕೀಟವಿಜ್ಞಾನಿ ಸ್ಮಿತ್ ಶ್ರೀಲಂಕಾದ ಜೇನಿಗೆ ಇಟ್ಟ ಹೆಸರು. ಈಚೆಗೆ ಹತ್ತಿರದಿಂದ ನೋಡಿದಾಗ ದಕ್ಷಿಣ ಭಾರತದಲ್ಲೇ ಬೇರೆ ಬೇರೆ ಪ್ರಭೇದಗಳಿರುವುದು ಗೊತ್ತಾಯಿತು. ಕೇರಳದ ಟೆಟ್ರಾಗೊನುಲಾ ಟ್ರಾವಂಕೋರಿಕಾಗೆ ಹೆಸರು ಬಂದದ್ದು 2019ರಲ್ಲಿ.

ಮೊದಲು ಗೂಡಿನ ಫೋಟೋ ತೆಗೆಯಿರಿ, ಜಾಗ, ತಾರೀಕು, ಗೂಡು ಗೋಡೆಯಲ್ಲಿದೆಯೋ ಮರದಲ್ಲೋ ಎಲ್ಲ ಬರೆದಿಡಿ. ಗೂಡಿನ ಬಾಗಿಲಲ್ಲಿರುವ ಅಂಟಿನ ಕೊಳವೆ ಉದ್ದ ಇದೆ, ಗಿಡ್ಡ ಇದೆ ಅಂತ ತೀರ್ಮಾನಕ್ಕೆ ಬರಬೇಡಿ, ಅದು ಗೂಡಿಂದ ಗೂಡಿಗೆ ಬದಲಾಗುತ್ತದೆ. ಬಣ್ಣವನ್ನೂ ನಂಬಬೇಡಿ, ಆಗ ತಾನೇ ಹುಟ್ಟಿದ ನೊಣ ತಿಳಿ ಬಣ್ಣದ್ದೇ ಇರುತ್ತದೆ.

ಪ್ರಭೇದ ಗುರುತಿಸಲು ನಿಜವಾಗಿ ಬೇಕಾದದ್ದು ಗಂಡು ನೊಣ. ನಾಲ್ಕು ಮಿಲಿಮೀಟರ್ ಆಸುಪಾಸಿನ ಕೆಲಸಗಾರ ನೊಣಗಳು ಹಲವು ಪ್ರಭೇದಗಳಲ್ಲಿ ಒಂದೇ ಥರ ಕಾಣುತ್ತವೆ, ಸೂಕ್ಷ್ಮದರ್ಶಕದಲ್ಲೂ ಗೊಂದಲ ಹೋಗುವುದಿಲ್ಲ. ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಗಂಡಿನ ಜನನಾಂಗದ ಆಕಾರದಲ್ಲಿ. ಕೆಲವೊಮ್ಮೆ ಗಂಡುಗಳು ಗೂಡಿನ ಹೊರಗೆ ಗುಂಪು ಕಟ್ಟಿ ಹಾರಾಡುತ್ತವೆ, ಹಿಡಿಯಲು ಅದೇ ಸಮಯ. ಗಂಡಿನ ಹಿಂಗಾಲಲ್ಲಿ ಪರಾಗದ ಬುಟ್ಟಿ ಇರುವುದಿಲ್ಲ, ಮೀಸೆಯಲ್ಲಿ 13 ಗೆಣ್ಣು (ಹೆಣ್ಣಿಗೆ 12). ಆದರೆ ಅಲ್ಲಿ ಸೇರಿದ ಗಂಡುಗಳು ಬೇರೆ ಗೂಡಿನವೂ ಆಗಿರಬಹುದು, ಹಾಗಾಗಿ ಗೂಡಿನ ಒಳಗಿನ ಗಂಡು ಸಿಕ್ಕರೆ ಅದಕ್ಕೆ ಬೆಲೆ ಜಾಸ್ತಿ. ಸಿಗಲಿಲ್ಲವೇ? ಕಾಯಿರಿ, ಸುಮ್ನೆ ಕೆಲಸಗಾರ ನೊಣ ನೋಡಿ ಹೆಸರಿಡಲು ಹೋಗಬೇಡಿ.

ಹಿಡಿದ ನೊಣಗಳಲ್ಲಿ ಕೆಲವನ್ನು ಡಿಎನ್‌ಎ ಪರೀಕ್ಷೆಗೆಂದು ಶೇಕಡಾ 95ರ ಆಲ್ಕೋಹಾಲ್‌ನಲ್ಲಿ ಇಡಿ, ಉಳಿದವನ್ನು ಒಣಗಿಸಿ ತ್ರಿಕೋನ ಕಾರ್ಡಿನ ತುದಿಗೆ ಅಂಟಿಸಿ. ಕಾಡಿನಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು. ಡಿಎನ್‌ಎ ಹೋಲಿಕೆಗೆ ಪ್ರಾಣಿಗಳ ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದುತ್ತಾರೆ. ಆದರೆ ಡೇಟಾಬೇಸಿನಲ್ಲಿರುವ ಹೆಸರೇ ತಪ್ಪಿದ್ದರೆ ಹೋಲಿಸಿ ಏನು ಪ್ರಯೋಜನ, ಅಲ್ವಾ? ಆದ್ದರಿಂದ ಹಳೆಯ ವಿವರಣೆಗಳನ್ನು ಓದಿ, ಆ ಹೆಸರುಗಳನ್ನು ಇಟ್ಟಾಗ ಆಧಾರವಾಗಿದ್ದ ಮೂಲ ಮಾದರಿಗಳ ಜೊತೆಗೆ ಇಟ್ಟು ನೋಡಲೇಬೇಕು. ಇಲ್ಲಿಂದ ಮುಂದೆ ಜೇನಿನ ವರ್ಗೀಕರಣ ತಿಳಿದ ತಜ್ಞರನ್ನು ಜೊತೆಗೆ ಸೇರಿಸಿಕೊಳ್ಳಿ.

ಎಲ್ಲ ಹೋಲಿಕೆಯಲ್ಲೂ ಬೇರೆ ಪ್ರಭೇದ ಅಂತ ಖಚಿತವಾದರೆ ಒಂದು ನೊಣವನ್ನು ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಅಂತ ಆರಿಸಿ, ವಿವರಣೆಯನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಆನ್‌ಲೈನ್ ಪತ್ರಿಕೆಯಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಕಡ್ಡಾಯ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತು ಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು, ಕೀಟಗಳಿಗೆ ಬೆಂಗಳೂರಿನ ಎನ್‌ಬಿಎಐಆರ್ (ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ) ಅಂಥದ್ದೊಂದು.