ಪಿಎಲ್/ಎಸ್‌ಕ್ಯೂಎಲ್ ಬ್ಲಾಕ್ ಬರೆಯುವುದು ಹೇಗೆ?

ಪಿಎಲ್/ಎಸ್‌ಕ್ಯೂಎಲ್ ಎಂದರೆ ಒರಾಕಲ್ ಡೇಟಾಬೇಸ್‌ನ ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಬರೆದ ಪ್ರೊಸೀಜರ್, ಫಂಕ್ಷನ್, ಟ್ರಿಗರ್ ಯಾವುದನ್ನೇ ಬಿಡಿಸಿ ನೋಡಿ, ಒಳಗಿರುವುದು ಬ್ಲಾಕ್, ಅಂದರೆ ಒಟ್ಟಾಗಿ ಓಡುವ ಆಜ್ಞೆಗಳ ಗುಂಪು. ಅದಕ್ಕೆ ಮೂರು ಭಾಗ. ಡಿಕ್ಲೇರ್‌ನಲ್ಲಿ ವೇರಿಯಬಲ್‌ಗಳು (ಮೌಲ್ಯ ಇಟ್ಟುಕೊಳ್ಳುವ ಹೆಸರುಗಳು), ಬಿಗಿನ್ ನಂತರ ಕೆಲಸ, ಎಕ್ಸೆಪ್ಶನ್‌ನಲ್ಲಿ ಎಡವಟ್ಟಾದರೆ ಏನು ಮಾಡಬೇಕೆಂಬುದು. ಕಡ್ಡಾಯವಾದದ್ದು ಬಿಗಿನ್ ಮತ್ತು ಎಂಡ್ ಮಾತ್ರ. ಆದರೆ ಅವುಗಳ ನಡುವೆ ಖಾಲಿ ಬಿಡುವಂತಿಲ್ಲ; ಏನೂ ಕೆಲಸವಿಲ್ಲದಿದ್ದರೆ ‘ನಲ್;’ ಎಂದಾದರೂ ಬರೆಯಬೇಕು.

ಮಲ್ಪೆ ಬಂದರಿನ ವ್ಯಾಪಾರಿಯೊಬ್ಬರ ದರಪಟ್ಟಿ ಇದೆ ಎಂದಿಟ್ಟುಕೊಳ್ಳಿ. ಟೇಬಲ್‌ನ ಹೆಸರು ‘ಮೀನು’, ಕಾಲಂ ಎರಡು: ಹೆಸರು, ದರ. ಬಂಗುಡೆ, ಬೂತಾಯಿ, ಅಂಜಲ್ ಎಂದು ಮೂರು ಸಾಲು. ಒರಾಕಲ್‌ಗೆ ಆಜ್ಞೆ ಟೈಪ್ ಮಾಡುವ ಸಾಧನವಾದ ಎಸ್‌ಕ್ಯೂಎಲ್ ಪ್ಲಸ್ ತೆರೆದು ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ:

ಸೆಟ್ ಸರ್ವರ್‌ಔಟ್‌ಪುಟ್ ಆನ್
ಡಿಕ್ಲೇರ್
  ವಿ_ಹೆಸರು ಮೀನು.ಹೆಸರು%ಟೈಪ್ := 'ಅಂಜಲ್';
  ವಿ_ದರ ಮೀನು.ದರ%ಟೈಪ್;
ಬಿಗಿನ್
  ಸೆಲೆಕ್ಟ್ ದರ ಇನ್‌ಟು ವಿ_ದರ ಫ್ರಮ್ ಮೀನು
  ವೇರ್ ಹೆಸರು = ವಿ_ಹೆಸರು;
  ಡಿಬಿಎಂಎಸ್_ಔಟ್‌ಪುಟ್.ಪುಟ್_ಲೈನ್(ವಿ_ದರ);
ಎಕ್ಸೆಪ್ಶನ್
  ವೆನ್ ನೋ_ಡೇಟಾ_ಫೌಂಡ್ ದೆನ್
    ಡಿಬಿಎಂಎಸ್_ಔಟ್‌ಪುಟ್.ಪುಟ್_ಲೈನ್('ಪಟ್ಟಿಯಲ್ಲಿಲ್ಲ');
ಎಂಡ್;
/

ಮೊದಲ ಸಾಲು ಬರೆಯದಿದ್ದರೂ ಬ್ಲಾಕ್ ಓಡುತ್ತದೆ, ಪರದೆಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಕೊನೆಯ ಓರೆಗೆರೆ ಪ್ರತ್ಯೇಕ ಸಾಲಿನಲ್ಲೇ ಇರಬೇಕು. ಅದಿಲ್ಲದಿದ್ದರೆ ಎಸ್‌ಕ್ಯೂಎಲ್ ಪ್ಲಸ್ ಮುಂದಿನ ಸಾಲಿಗಾಗಿ ಕಾಯುತ್ತಲೇ ಇರುತ್ತದೆ. ವೇರಿಯಬಲ್‌ಗೆ ಮೌಲ್ಯ ತುಂಬಲು ‘:=’, ಹೋಲಿಸಲು ಬರೀ ‘=’. ‘%ಟೈಪ್’ ಎಂದರೆ ಆ ಕಾಲಂನ ಬಗೆಯೇ ವೇರಿಯಬಲ್‌ಗೂ; ಅದನ್ನು ಬಳಸಿದರೆ ನಾಳೆ ಕಾಲಂನ ಅಳತೆ ಬದಲಾದರೂ ಬ್ಲಾಕ್ ತಿದ್ದಬೇಕಿಲ್ಲ.

ವೇರಿಯಬಲ್‌ಗೆ ‘ವಿ_’ ಸೇರಿಸಿದ್ದು ಚಂದಕ್ಕಲ್ಲ. ವೇರಿಯಬಲ್‌ನ ಹೆಸರೂ ಕಾಲಂನ ಹೆಸರೂ ಒಂದೇ ಆದರೆ, ಎಸ್‌ಕ್ಯೂಎಲ್ ವಾಕ್ಯದೊಳಗೆ ಗೆಲ್ಲುವುದು ಕಾಲಂ. ‘ವೇರ್ ಹೆಸರು = ಹೆಸರು’ ಎಂದರೆ ಕಾಲಂ ತನಗೆ ತಾನೇ ಸಮ; ಹೆಸರು ತುಂಬಿರುವ ಸಾಲುಗಳೆಲ್ಲ ಆಯ್ಕೆಯಾಗುತ್ತವೆ. ಮೇಲಿನ ಸೆಲೆಕ್ಟ್‌ನಲ್ಲಾದರೆ ಮೂರೂ ಸಾಲು ಬಂದು ಓಆರ್‌ಎ-01422 ಎಂಬ ದೋಷ ತೋರುತ್ತದೆ, ಅಷ್ಟಕ್ಕೇ ಬಚಾವ್. ಡಿಲೀಟ್‌ನಲ್ಲಾದರೆ ದೋಷವೇ ಬರುವುದಿಲ್ಲ, ಇಡೀ ದರಪಟ್ಟಿ ಅಳಿಸಿಹೋಗುತ್ತದೆ. ಕಮಿಟ್ ಆಗುವ (ಬದಲಾವಣೆ ಕಾಯಂ ಆಗುವ) ಮೊದಲು ಗಮನಕ್ಕೆ ಬಂದರೆ ರೋಲ್‌ಬ್ಯಾಕ್ (ಬದಲಾವಣೆ ರದ್ದು ಮಾಡುವ ಆಜ್ಞೆ) ಕೊಟ್ಟು ಉಳಿಸಿಕೊಳ್ಳಬಹುದು.

ಸಾಲು ಸಿಗದಿದ್ದಾಗ ಬರುವ ನೋ_ಡೇಟಾ_ಫೌಂಡ್ ದೋಷ ಸೆಲೆಕ್ಟ್ ಇನ್‌ಟುಗೆ ಅನ್ವಯಿಸುತ್ತದೆ, ಅಪ್‌ಡೇಟ್‌ಗೆ ಅಲ್ಲ. ಪಟ್ಟಿಯಲ್ಲಿಲ್ಲದ ಮೀನಿನ ದರ ಅಪ್‌ಡೇಟ್ ಮಾಡಿದರೆ ಒರಾಕಲ್ ಸುಮ್ಮನಿರುತ್ತದೆ. ಎಷ್ಟು ಸಾಲು ಬದಲಾಯಿತೆಂದು ‘ಎಸ್‌ಕ್ಯೂಎಲ್%ರೋಕೌಂಟ್’ ನೋಡಿ ತಿಳಿಯಬೇಕು.

ಡಿಕ್ಲೇರ್ ಭಾಗದಲ್ಲೇ ಆದ ದೋಷವನ್ನು ಅದೇ ಬ್ಲಾಕ್‌ನ ಎಕ್ಸೆಪ್ಶನ್ ಹಿಡಿಯುವುದಿಲ್ಲ. ‘ವಿ_ತೂಕ ನಂಬರ್(3) := 1200;’ ಎಂದು ಬರೆದು ನೋಡಿ: ಮೂರಂಕಿಯ ಜಾಗದಲ್ಲಿ ನಾಲ್ಕಂಕಿ ಹಿಡಿಸದೆ ಓಆರ್‌ಎ-06502 ದೋಷ ನೇರ ಹೊರಗೆ ಬೀಳುತ್ತದೆ. ಡಿಕ್ಲೇರ್‌ನಲ್ಲಿ ಹೆಸರು, ಬಗೆಯಷ್ಟೇ ಹೇಳಿ ಮೌಲ್ಯವನ್ನು ಬಿಗಿನ್ ನಂತರ ತುಂಬಿದರೆ ದೋಷ ಹ್ಯಾಂಡ್ಲರ್‌ಗೆ (ಎಕ್ಸೆಪ್ಶನ್‌ನಲ್ಲಿ ‘ವೆನ್’ ಎಂದು ಶುರುವಾಗುವ ಭಾಗಕ್ಕೆ) ಸಿಗುತ್ತದೆ. ಇಲ್ಲವೇ ಇಡೀ ಬ್ಲಾಕನ್ನು ಇನ್ನೊಂದು ಬಿಗಿನ್–ಎಂಡ್ ಒಳಗಿಟ್ಟು ಹೊರಗಿನದರಲ್ಲಿ ಹಿಡಿಯಬೇಕು.

ಉಳಿದ ಎಲ್ಲ ದೋಷಗಳನ್ನೂ ಹಿಡಿಯುವ ‘ವೆನ್ ಅದರ್ಸ್’ ಬರೆಯುವುದಾದರೆ ಅದು ಹ್ಯಾಂಡ್ಲರ್‌ಗಳ ಸಾಲಿನಲ್ಲಿ ಕಡೆಯದಾಗಿರಲಿ. ಅದರ ಮುಂದೆ ಬರೀ ‘ನಲ್;’ ಬರೆಯುವ ಚಾಳಿ ಬಿಡಲೇಬೇಕು. ದೋಷ ನುಂಗಿಹೋಗಿ, ತಪ್ಪು ಎಲ್ಲಿಯದೆಂದು ಹುಡುಕುವುದೇ ಕಷ್ಟವಾಗುತ್ತದೆ. ದೋಷದ ಸಂದೇಶ ಕೊಡುವ ‘ಎಸ್‌ಕ್ಯೂಎಲ್‌ಇಆರ್‌ಆರ್‌ಎಂ’ ಮುದ್ರಿಸಿ, ಕೆಳಗೆ ದೋಷವನ್ನು ಮತ್ತೆ ಹೊರಗೆ ಕಳಿಸುವ ‘ರೇಯ್ಸ್;’ (RAISE) ಹಾಕಿ.