ಕಾಫಿ ಬುಡದ ಯೂರಿಯಾ ಓಝೋನ್ ಪದರಕ್ಕೆ ಹೋಗದ ಹಾಗೆ ಗೊಬ್ಬರ ಹಾಕುವುದು ಹೇಗೆ

ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು ಅಂದರೆ ಕೊಡಗಿನಲ್ಲಿ ಗೊಬ್ಬರದ ಅಂಗಡಿ ಮುಂದೆ ಜೀಪುಗಳು ಸಾಲಾಗಿ ನಿಲ್ಲುತ್ತವೆ. ಮೂಟೆ ಬಿಚ್ಚುವ ಮೊದಲು ಇದನ್ನೊಂದು ಸಲ ಓದಿ.

ನಾವು ಹಾಕುವ ಯೂರಿಯಾದ ಸಾರಜನಕ ಪೂರ್ತಿ ಗಿಡಕ್ಕೆ ಸೇರುವುದಿಲ್ಲ. ಒಂದಷ್ಟು ಮಳೆನೀರಿನ ಜೊತೆ ತೋಡಿಗೆ ಹೋಗುತ್ತದೆ, ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ, ಇನ್ನೊಂದು ಚೂರು ಮಣ್ಣಿನ ಬ್ಯಾಕ್ಟೀರಿಯಾದ ಕೈಗೆ ಸಿಕ್ಕಿ ನೈಟ್ರಸ್ ಆಕ್ಸೈಡ್ ಆಗುತ್ತದೆ. ಹಲ್ಲಿನ ಡಾಕ್ಟರು ನೋವು ತಿಳಿಯದಿರಲಿ ಅಂತ ಕೊಡುತ್ತಾರಲ್ಲ, ಅದೇ ಅನಿಲ. ಚೂರು ಅಂತ ಬಿಡುವ ಹಾಗಿಲ್ಲ. ಮೇಲೆ ಹೋದದ್ದು ನೂರು ವರ್ಷಕ್ಕೂ ಜಾಸ್ತಿ ಗಾಳಿಯಲ್ಲೇ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ನೈಟ್ರಸ್ ಆಕ್ಸೈಡ್ 273 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಅದು ನಿಧಾನಕ್ಕೆ ಓಝೋನ್ ಇರುವ ಎತ್ತರಕ್ಕೆ ಏರಿ, ಅಲ್ಲಿ ಒಡೆದು ನೈಟ್ರಿಕ್ ಆಕ್ಸೈಡ್ ಆಗಿ, ಓಝೋನನ್ನೇ ತಿನ್ನಲು ಶುರು ಮಾಡುತ್ತದೆ. ನೈಟ್ರಿಕ್ ಆಕ್ಸೈಡ್ ಹೀಗೆ ಓಝೋನ್ ತಿನ್ನುತ್ತದೆ ಅಂತ 1970ರಲ್ಲೇ ವಿಜ್ಞಾನಿ ಪಾಲ್ ಕ್ರುಟ್ಜೆನ್ ತೋರಿಸಿದ್ದರು.

ಈ ವಿಷಯ ನನ್ನ ಮನಸ್ಸಿಗೆ ಹತ್ತಿರವಾಗಿದ್ದು ಎ. ಆರ್. ರವಿಶಂಕರ ಅವರಿಂದ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ವಾತಾವರಣ ವಿಜ್ಞಾನಿ. 2009ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಅವರು ಒಂದು ಲೆಕ್ಕ ಮಾಡಿದರು. ಓಝೋನ್ ಉಳಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ನಂತರ, ಓಝೋನ್ ತಿನ್ನುವ ಫ್ರಿಜ್ಜಿನ ಸಿಎಫ್‌ಸಿ ಅನಿಲಗಳು ಕಮ್ಮಿಯಾಗುತ್ತಾ ಬಂದವು. ಹಾಗಾದರೆ ಈಗ ಮನುಷ್ಯರು ಬಿಡುತ್ತಿರುವುದರಲ್ಲಿ ಓಝೋನಿಗೆ ಅತಿ ಜಾಸ್ತಿ ಪೆಟ್ಟು ಕೊಡುವುದು ಯಾವುದು? ನೈಟ್ರಸ್ ಆಕ್ಸೈಡ್. ಈ ಶತಮಾನವಿಡೀ ಅದೇ ಮುಂದಿರುತ್ತದೆ ಅಂತ ಅವರ ಲೆಕ್ಕ ಹೇಳಿತು. ಮಾಂಟ್ರಿಯಲ್ ಒಪ್ಪಂದ ಇದನ್ನು ಮುಟ್ಟಿಲ್ಲ. ಮನುಷ್ಯರಿಂದ ಬರುವ ಪಾಲಿನಲ್ಲಿ ದೊಡ್ಡದು ಕೃಷಿಯದು, ಅಂದರೆ ನಮ್ಮದೇ.

ಒಂದು ಮೂಟೆಯ ಲೆಕ್ಕ ನೋಡಿ. 45 ಕೆಜಿ ಮೂಟೆಯಲ್ಲಿ ಸಾರಜನಕ 46%, ಅಂದರೆ ಹತ್ತಿರ 21 ಕೆಜಿ. ಅದರಲ್ಲಿ 1% ನೈಟ್ರಸ್ ಆಕ್ಸೈಡ್ ಆಗುತ್ತದೆ ಅನ್ನುವುದು ಸಾಮಾನ್ಯ ಅಂದಾಜು, ಮಳೆ ಜಾಸ್ತಿ ಇರುವ ಸೀಮೆಯಲ್ಲಿ ಇನ್ನೂ ಹೆಚ್ಚು. ಬರೀ 1% ಅಂತ ಹಿಡಿದರೂ ಸುಮಾರು 325 ಗ್ರಾಂ ಅನಿಲ ಆಯಿತು. 38 ಲೀಟರ್ ಪೆಟ್ರೋಲ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಹಿಡಿಯುವಷ್ಟು ಬಿಸಿ ಅದರಿಂದ.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯ ಯಾವಾಗ ಹಾಕುತ್ತೀರಿ ಅನ್ನುವುದು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಬ್ಯಾಕ್ಟೀರಿಯಾಗೆ ಗಾಳಿ ಸಿಗುವುದಿಲ್ಲ, ಆಗ ಅವು ಯೂರಿಯಾದಿಂದ ಮಣ್ಣಿನಲ್ಲಿ ಆಗುವ ನೈಟ್ರೇಟಿನಿಂದ ಆಮ್ಲಜನಕ ಕಿತ್ತುಕೊಳ್ಳುತ್ತವೆ, ನೈಟ್ರಸ್ ಆಕ್ಸೈಡ್ ಜಾಸ್ತಿ ಹುಟ್ಟುವುದು ಆಗಲೇ. ನಾನು ಒಂದು ಜುಲೈಯಲ್ಲಿ ಎರಡು ದಿನ ಬಿಸಿಲು ಕಂಡಿತು ಅಂತ ರೊಬಸ್ಟಾ ಕಾಫಿಯ ಪಟ್ಟಿಗೆ ಪೂರ್ತಿ ಯೂರಿಯಾ ಹಾಕಿಸಿಬಿಟ್ಟೆ. ಮೂರನೇ ರಾತ್ರಿ ಹಿಡಿದ ಮಳೆ ವಾರ ಬಿಡಲಿಲ್ಲ. ಎಲೆ ಹಳದಿಯಾಗಿಯೇ ಉಳಿಯಿತು. ಅಷ್ಟು ದುಡ್ಡು, ಅಷ್ಟು ಜನರ ಕೂಲಿ, ಗಿಡಕ್ಕೆ ದಕ್ಕಿದ್ದು ಎಷ್ಟೋ.

ಅವತ್ತಿನಿಂದ ಮುಷ್ಟಿ ನೋಡದೆ ಮೂಟೆ ಬಿಚ್ಚುವುದಿಲ್ಲ. ಗಿಡದ ಕೆಳಗೆ ತರಗೆಲೆ ಸರಿಸಿ. ಒಂದು ಗೇಣು ಆಳದಿಂದ ಮಣ್ಣು ತೆಗೆದು ಕೈಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ನೀರು ಇಣುಕಿದರೆ, ಅಥವಾ ಮಣ್ಣು ಅಂಗೈಗೆ ಅಂಟಿ ಮಿರಮಿರ ಹೊಳೆದರೆ, ಅವತ್ತು ಬೇಡ. ಉಂಡೆ ಕಟ್ಟಿ, ಹೆಬ್ಬೆರಳಿನಲ್ಲಿ ಒತ್ತಿದರೆ ಪುಡಿಯಾಗಿ ಉದುರಬೇಕು. ಉಂಡೆಯೇ ಕಟ್ಟದಷ್ಟು ಒಣಗಿದ್ದರೂ ಕಾಯಿರಿ. ತೋಟದ ಮೇಲ್ಭಾಗ, ಇಳಿಜಾರು, ತೋಡಿನ ಪಕ್ಕ, ಮೂರೂ ಕಡೆ ನೋಡಿ, ಯಾಕೆಂದರೆ ಒಂದೇ ತೋಟದಲ್ಲಿ ಮೂರು ತರ ಇರುತ್ತದೆ.

ವರ್ಷದ ಸಾರಜನಕವನ್ನು ಮೂರು ನಾಲ್ಕು ಕಂತು ಮಾಡಿ. ಹೂಮಳೆ ಹೊತ್ತಿಗೆ ಒಂದು, ಮೇಯಲ್ಲಿ ಒಂದು, ಕೊನೆಯದು ಅಕ್ಟೋಬರಿನಲ್ಲಿ. ನಡುವಿನದಕ್ಕೆ ಕಕ್ಕಡದ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಆತುರ ಬೇಡ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಹತ್ತಿರ ಮಳೆ ಬಿಡುವು ಕೊಟ್ಟಾಗ ಹಾಕಿ.

ತರಗೆಲೆ ಮೇಲೆ ಸುಮ್ನೆ ಎರಚಿದರೆ ಅಮೋನಿಯಾ ಬೇಗ ಹಾರುತ್ತದೆ. ತರಗೆಲೆ ಎಳೆದು, ಬುಡದಿಂದ ಒಂದಡಿ ಬಿಟ್ಟು ಸುತ್ತಲೂ ಹಾಕಿ, ಮಣ್ಣು ಕೆದಕಿ, ಮತ್ತೆ ತರಗೆಲೆ ಮುಚ್ಚಿಸಿ. ಆಳು ಸ್ವಲ್ಪ ಜಾಸ್ತಿ ಬೇಕು, ಆದರೂ ಬಿಡಬೇಡಿ. ಮಳೆನೀರು ಹಿಡಿಯಲು ತೋಡಿದ ತೊಟ್ಟಿಲು ಗುಂಡಿಯೊಳಗೆ ಮಾತ್ರ ಹಾಕಲೇಬೇಡಿ, ನೀರು ನಿಲ್ಲುವುದೇ ಅಲ್ಲಿ.

ಬೇವಿನ ಲೇಪ 2015ರಿಂದ ನಮ್ಮ ಯೂರಿಯಾಕ್ಕೆ ಹೇಗೂ ಇದೆ, ಸಾರಜನಕ ನೈಟ್ರೇಟ್ ಆಗುವುದನ್ನು ಅದು ಸ್ವಲ್ಪ ನಿಧಾನ ಮಾಡುತ್ತದೆ.

ಸುಣ್ಣದ ವಿಷಯ ಕೇಳಿ, ಇದನ್ನು ತುಂಬಾ ಜನ ಮರೆಯುತ್ತಾರೆ. ನಮ್ಮ ಮಣ್ಣು ಹುಳಿ. ನೈಟ್ರಸ್ ಆಕ್ಸೈಡನ್ನು ತೊಂದರೆಯಿಲ್ಲದ ಸಾರಜನಕವಾಗಿ ಬದಲಿಸುವ ಬ್ಯಾಕ್ಟೀರಿಯಾ ಕೆಲಸ ಹುಳಿ ಮಣ್ಣಿನಲ್ಲಿ ಕೆಡುತ್ತದೆ, ಹಾಗಾಗಿ ಅನಿಲ ಅರ್ಧದಲ್ಲೇ ಹೊರಗೆ ಬರುತ್ತದೆ. ಸುಣ್ಣ ಹಾಕಿದರೆ ಹುಳಿ ಕಮ್ಮಿಯಾಗುತ್ತದೆ; ಹುಳಿ ಅಳೆಯುವ ಪಿಎಚ್ 6ರ ಆಸುಪಾಸಿಗೆ ಬಂದರೆ ಗಿಡಕ್ಕೂ ಒಳ್ಳೆಯದು. ಸುಣ್ಣ, ಯೂರಿಯಾ ಒಟ್ಟಿಗೆ ಹಾಕಬೇಡಿ, ನಡುವೆ ಮೂರು ನಾಲ್ಕು ವಾರ ಇರಲಿ.

ಎಷ್ಟು ಸುಣ್ಣ, ಎಷ್ಟು ಯೂರಿಯಾ ಅಂತ ಪಕ್ಕದ ತೋಟದವರನ್ನು ನೋಡಿ ಹಾಕುವುದನ್ನು ಬಿಡಿ. ಮಣ್ಣು ಪರೀಕ್ಷೆ ಮಾಡಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ. ಒಂದೊಂದು ಪಟ್ಟಿಯಲ್ಲಿ ಹತ್ತು ಹದಿನೈದು ಕಡೆ ತರಗೆಲೆ ಸರಿಸಿ, ಒಂಬತ್ತು ಇಂಚು ಆಳದವರೆಗೆ ಮಣ್ಣು ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ತೆಗೆದುಕೊಂಡು ಹೋಗಿ. ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಆಗಿರಬೇಕು. ನೆರಳಿಗೆ ಹಾಲುವಾಣ ಇದ್ದರೆ, ಕಾಫಿ ಸಿಪ್ಪೆ ಕಾಂಪೋಸ್ಟ್ ಹಾಕುತ್ತಿದ್ದರೆ, ಅದನ್ನೂ ಅಲ್ಲಿ ಹೇಳಿ. ಅವುಗಳಿಂದ ಬರುವ ಸಾರಜನಕ ಕಳೆದು ಉಳಿದದ್ದಕ್ಕೆ ಮಾತ್ರ ಮೂಟೆ ತನ್ನಿ.