ಎಚ್‌ಡಿಎಲ್ ಕಮ್ಮಿ ಇರುವ ಮನೆತನ: ನಾನು ಲೆಕ್ಕ ಹಾಕುವ ಕ್ರಮ

ಕೊಲೆಸ್ಟ್ರಾಲ್ ರಿಪೋರ್ಟು ಕೈಗೆ ಬಂದರೆ ಮೊದಲು ಅಳತೆಯ ಮಾನ ನೋಡುತ್ತೇನೆ. ಕಾಸರಗೋಡಿನ ಮನೆಗಳಲ್ಲಿ ಅಣ್ಣನ ರಿಪೋರ್ಟು ಮಂಗಳೂರಿನದ್ದು, ತಮ್ಮನದ್ದು ಗಲ್ಫಿನದ್ದು. ಅಲ್ಲಿಂದ ಬರುವ ಹಲವು ಮಿಲಿಮೋಲ್‌ನಲ್ಲಿರುತ್ತವೆ. ನಮ್ಮ ಮಿಲಿಗ್ರಾಂ ಲೆಕ್ಕಕ್ಕೆ (ಡೆಸಿಲೀಟರಿಗೆ) ತರಲು ಕೊಲೆಸ್ಟ್ರಾಲನ್ನು 38.67ರಿಂದ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡನ್ನು 88.57ರಿಂದ ಗುಣಿಸಬೇಕು. ಎಚ್‌ಡಿಎಲ್, ಅಂದರೆ ಜನ "ಒಳ್ಳೆಯ ಕೊಲೆಸ್ಟ್ರಾಲ್" ಎನ್ನುವುದು, 0.9 ಇದ್ದರೆ ನಮ್ಮ ಲೆಕ್ಕದ 35. ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಕೆಳಗಿದ್ದರೆ ಕಮ್ಮಿ.

ಹಾಗೆಂದು ಕೂಡಲೇ ವಂಶದ ಮೇಲೆ ಹೊರಿಸುವುದಿಲ್ಲ. ಜ್ವರ, ಸೋಂಕು ಇದ್ದಾಗ ಎಚ್‌ಡಿಎಲ್ ಇಳಿಯುತ್ತದೆ. ವಾಸಿಯಾಗಿ ತಿಂಗಳು ಕಳೆದ ಮೇಲೆ ಮತ್ತೊಮ್ಮೆ ರಕ್ತ ಕೊಡಿಸುತ್ತೇನೆ. ಬೀಡಿ, ಸಿಗರೇಟು ಕೇಳುತ್ತೇನೆ. ಹುಡುಗರಾದರೆ ಜಿಮ್ಮಿನ ಸ್ಟಿರಾಯ್ಡ್ ಇಂಜೆಕ್ಷನ್, ಅದೂ ಮನೆಯವರನ್ನು ಹೊರಗೆ ಕೂರಿಸಿ.

ಆಮೇಲೆ ಮೂರು ತಲೆಮಾರಿನ ಚಿತ್ರ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಪಕ್ಕದಲ್ಲಿ ಹೃದಯಾಘಾತವಾದ ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ. ಗಂಡಸರಲ್ಲಿ 55, ಹೆಂಗಸರಲ್ಲಿ 65ರ ಒಳಗೆ ಆದದ್ದಕ್ಕೆ ಕೆಂಪು ಗೆರೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬಗಳಲ್ಲಿ ಸೋದರಮಾವಂದಿರ ಸಂಗತಿ ಥಟ್ಟನೆ ಸಿಗುತ್ತದೆ, ಅಪ್ಪನ ಅಣ್ಣತಮ್ಮಂದಿರದ್ದು ಕೇಳಿದರೆ ತಲೆ ಕೆರೆಯುತ್ತಾರೆ. ಜೀನಿಗೆ ಯಾವ ಕಟ್ಟೂ ಇಲ್ಲ, ಅರ್ಧ ಅಪ್ಪನದ್ದೇ. ಆ ಅರ್ಧ ಖಾಲಿ ಬಿಟ್ಟ ಚಿತ್ರದಿಂದ ಉಪಯೋಗವಿಲ್ಲ. ಅಪ್ಪನ ಮನೆಗೆ ಅಲ್ಲಿಂದಲೇ ಫೋನ್ ಮಾಡಿಸುತ್ತೇನೆ. ಸಂಬಂಧದೊಳಗಿನ ಮದುವೆ ಇದ್ದರೆ ಜೋಡಿ ಗೆರೆ.

ಟ್ರೈಗ್ಲಿಸರೈಡ್ ಸರಿಯಾಗಿದ್ದೂ ಎಚ್‌ಡಿಎಲ್ 20ಕ್ಕಿಂತ ಕೆಳಗಿದ್ದರೆ ಮಾತ್ರ ಒಂದೇ ಜೀನಿನ ದೋಷದ ಸಂಶಯ. ಟಾರ್ಚ್ ಹಾಕಿ ಗಂಟಲು ನೋಡಿ: ಟಾನ್ಸಿಲ್ ಕಿತ್ತಳೆ ಬಣ್ಣಕ್ಕಿದ್ದರೆ ಟ್ಯಾಂಜಿಯರ್ ಕಾಯಿಲೆ, ಎಬಿಸಿಎ1 ಜೀನಿನ ಎರಡೂ ಪ್ರತಿ ಕೆಟ್ಟದ್ದು. ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಮಬ್ಬು, ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಎಲ್‌ಕ್ಯಾಟ್ ಎಂಬ ಜೀನಿನ ದೋಷ. ಜೀನ್ ಪರೀಕ್ಷೆಗೆ ದುಡ್ಡು ಹಾಕಿಸುವುದು ಇಂಥವರಿಗೆ ಮಾತ್ರ. ಉಳಿದವರದ್ದು ಹತ್ತಾರು ಜೀನುಗಳ ಸಣ್ಣ ಸಣ್ಣ ಪಾಲು, ಮೇಲೆ ಹೊಟ್ಟೆಯ ಬೊಜ್ಜು.

ನಮ್ಮಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲಿ: ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 250. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ, ಅದನ್ನೂ ಎಚ್‌ಡಿಎಲ್ಲನ್ನೂ ಒಟ್ಟಿನಿಂದ ಕಳೆದರೆ ಎಲ್‌ಡಿಎಲ್ ("ಕೆಟ್ಟ ಕೊಲೆಸ್ಟ್ರಾಲ್") 110, "ತೊಂದರೆ ಇಲ್ಲ" ಎನ್ನುತ್ತಾರೆ. 190ರಿಂದ 30 ಕಳೆಯಿರಿ: 160. ರಕ್ತನಾಳಕ್ಕೆ ಅಂಟುವ ಕಣಗಳ ಕೊಲೆಸ್ಟ್ರಾಲ್ ಅಷ್ಟಿದೆ. ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಸಿಇಟಿಪಿ ಎಂಬ ಪ್ರೋಟೀನು ಅದನ್ನು ಎಚ್‌ಡಿಎಲ್‌ಗೆ ತುಂಬಿ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಕಣ ಸಣ್ಣದಾಗಿ ಬೇಗ ಕರಗಿಹೋಗುತ್ತದೆ. ಎಚ್‌ಡಿಎಲ್ ಇಲ್ಲಿ ಬರೇ ಸಾಕ್ಷಿ, ಅಪರಾಧಿಯಲ್ಲ.

ಇಟಲಿಯ ಲಿಮೋನೆ ಊರಿನ ಮಿಲಾನೋ ಮ್ಯುಟೇಶನ್ (ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಿನ ಜೀನಿನಲ್ಲಿನ ಬದಲಾವಣೆ) ಇರುವವರಿಗೆ ಎಚ್‌ಡಿಎಲ್ ತೀರಾ ಕಮ್ಮಿ, ಆದರೆ ಅದಕ್ಕೆ ತಕ್ಕಂತೆ ಹೃದ್ರೋಗ ಹೆಚ್ಚಿಲ್ಲ. 2008ರ ಕೋಪನ್‌ಹೇಗನ್ ಅಧ್ಯಯನದಲ್ಲೂ ಎಬಿಸಿಎ1ನ ಒಂದು ಪ್ರತಿ ಕೆಟ್ಟವರಿಗೆ ಅಪಾಯ ಏರಿರಲಿಲ್ಲ. ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಮಾತ್ರೆಯನ್ನು 2006ರಲ್ಲಿ ನಿಲ್ಲಿಸಬೇಕಾಯಿತು, ತೆಗೆದುಕೊಂಡವರಲ್ಲಿ ಸಾವು ಹೆಚ್ಚಿತ್ತು. ತೆಂಗಿನೆಣ್ಣೆಯೂ ಎಚ್‌ಡಿಎಲ್ ಏರಿಸುತ್ತದೆ, ನಿಜ, ಜತೆಗೆ ಎಲ್‌ಡಿಎಲ್ಲನ್ನೂ.

ಹಾಗಾಗಿ ಎಚ್‌ಡಿಎಲ್‌ಗೆಂದೇ ಮಾತ್ರೆ ಬರೆಯುವುದಿಲ್ಲ. ಆ 160 ಇಳಿಸಲು, ಅಪಾಯ ನೋಡಿ ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಟ್ರೈಗ್ಲಿಸರೈಡ್ ಇಳಿಸಲು ಕುಚ್ಚಲಕ್ಕಿ ಅನ್ನದ ಎರಡನೇ ಬಡಿಸುವಿಕೆ ಬಂದ್, ಮದ್ಯ ಬಂದ್, ಸೊಂಟದ ಸುತ್ತಳತೆ ತಿಂಗಳಿಗೊಮ್ಮೆ. ಎಲ್‌ಡಿಎಲ್‌ನಂಥದ್ದೇ ಕಣವಾದ ಲೈಪೊಪ್ರೋಟೀನ್ ಎ ಪರೀಕ್ಷೆ ಜೀವಮಾನದಲ್ಲಿ ಒಮ್ಮೆ ಸಾಕು, ಅದು ಹೆಚ್ಚುಕಮ್ಮಿ ಪೂರ್ತಿ ಜೀನಿನದ್ದೇ; ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಚಿತ್ರದಲ್ಲಿರುವ ಅಣ್ಣತಮ್ಮ, ಅಕ್ಕತಂಗಿಯರನ್ನೂ ರಕ್ತಪರೀಕ್ಷೆಗೆ ಕರೆಸುತ್ತೇನೆ.